ಮಗುವಿನ ಮೊದಲ ಕೋಡ್: ಸರಳವಾಗಿದ್ದರೆ ಸಾಕೇ?

ಪೂರ್ವ ಲಂಡನ್ನಿನ ಇಲ್ಫರ್ಡ್‌ನಲ್ಲಿ ನಾಲ್ಕು ಕನ್ನಡ ಮನೆಗಳವರು ಸೇರಿದರೆ ಮಕ್ಕಳ ಓದಿನ ಮಾತು ಬಂದೇ ಬರುತ್ತದೆ. ಗ್ರಾಮರ್ ಶಾಲೆಯ ಪ್ರವೇಶಕ್ಕೆ ಬರೆಯುವ ಇಲೆವೆನ್ ಪ್ಲಸ್ ಪರೀಕ್ಷೆ, ಗಣಿತದ ಟ್ಯೂಷನ್, ವಾರಾಂತ್ಯದ ಕನ್ನಡ ಪಾಠ, ಇವುಗಳ ಸಾಲಿಗೆ ಈಗ ಇನ್ನೊಂದು ಪ್ರಶ್ನೆ ಸೇರಿದೆ: ಮಗುವಿಗೆ ಮೊದಲು ಯಾವ ಪ್ರೋಗ್ರಾಮಿಂಗ್ ಭಾಷೆ ಕಲಿಸಬೇಕು? ಕೇಳುವ ತಂದೆತಾಯಂದಿರಲ್ಲಿ ಅನೇಕರು ಕರ್ನಾಟಕದ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಸಿ ಭಾಷೆ ಕಲಿತವರು, ದಿನಾ ಬೆಳಿಗ್ಗೆ ಎಲಿಜಬೆತ್ ಲೈನ್ ರೈಲು ಹತ್ತಿ ಸಾಫ್ಟ್‌ವೇರ್ ಕೆಲಸಕ್ಕೆ ಹೋಗುವವರು. ಅವರ ಮಕ್ಕಳು ಐದಾರು ವಯಸ್ಸಿಗೆ ಬೀ-ಬಾಟ್ ಎಂಬ ಪುಟ್ಟ ಯಂತ್ರವನ್ನು ಶಾಲೆಯ ನೆಲದ ಮೇಲೆ ಓಡಿಸುತ್ತಾರೆ, ಎಂಟರ ಹೊತ್ತಿಗೆ ಸ್ಕ್ರ್ಯಾಚ್‌ನಲ್ಲಿ ಆಟ ಕಟ್ಟುತ್ತಾರೆ, ಹನ್ನೆರಡರ ಆಸುಪಾಸಿನಲ್ಲಿ ಪೈಥಾನ್‌ಗೆ ಬರುತ್ತಾರೆ. ಒಂದೇ ಮನೆಯಲ್ಲಿ ಎರಡು ಕಾಲದ ಕಲಿಕೆ.

ಪ್ರಶ್ನೆಗೆ ಸಿಗುವ ಉತ್ತರಗಳೂ ಎರಡೇ. "ಯಾವುದು ಸುಲಭವೋ ಅದರಿಂದ ಶುರು ಮಾಡಿ" ಎನ್ನುವವರು ಒಂದು ಕಡೆ. "ಸಿ ಕಲಿಸಿ, ಬುನಾದಿ ಗಟ್ಟಿಯಾಗುತ್ತೆ" ಎನ್ನುವವರು ಇನ್ನೊಂದು ಕಡೆ. ಆರು ದಶಕಗಳ ಬೋಧನೆಯ ಅನುಭವವನ್ನೂ ನಾಲ್ಕು ದಶಕಗಳ ಸಂಶೋಧನೆಯನ್ನೂ ಒಟ್ಟಿಗೆ ನೋಡಿದರೆ ಇಬ್ಬರ ಅಳತೆಗೋಲೂ ಸರಿಯಿಲ್ಲವೆಂದು ನನಗೆ ಅನಿಸುತ್ತದೆ. ಆರಂಭದ ಭಾಷೆಯ ಬಗ್ಗೆ ಕೇಳಬೇಕಾದದ್ದು ಇಷ್ಟು: ತಾನು ಬರೆದ ಸಾಲು ಓಡಿದಾಗ ಏನಾಗುತ್ತದೆಂದು ಮಗು ಮೊದಲೇ ಹೇಳಬಲ್ಲುದೇ? ಹೇಳಿದ್ದು ತಪ್ಪಾದರೆ, ಎಲ್ಲಿ ತಪ್ಪಿತೆಂದು ಅದಕ್ಕೆ ಕಾಣುತ್ತದೆಯೇ? ಈ ಲೇಖನದಲ್ಲಿ ಸ್ಪಷ್ಟತೆ ಎಂದರೆ ಇದು. ಸರಳತೆ ಇದಕ್ಕೆ ನೆರವಾಗಬಹುದು, ಅಡ್ಡಿಯೂ ಆಗಬಹುದು. ಎರಡನ್ನೂ ಒಂದೇ ಎಂದು ತಿಳಿದ ಕಡೆಯೆಲ್ಲ ಮಕ್ಕಳು ತೊಂದರೆ ಪಟ್ಟಿದ್ದಾರೆ.

ಒಳಗೆ ನಡೆಯುವುದು ಕಾಣಬೇಕು

ಬೀ-ಬಾಟ್‌ನಿಂದಲೇ ಆರಂಭಿಸೋಣ. ಜೇನುಹುಳದ ಆಕಾರದ ಈ ಯಂತ್ರದ ಬೆನ್ನಿನ ಮೇಲೆ ಬೆರಳೆಣಿಕೆಯಷ್ಟು ಗುಂಡಿಗಳು. ಮುಂದೆ ಅಥವಾ ಹಿಂದೆ ಒತ್ತಿದರೆ 15 ಸೆಂಟಿಮೀಟರ್ ಚಲನೆ, ಎಡ ಅಥವಾ ಬಲ ಒತ್ತಿದರೆ 90 ಡಿಗ್ರಿ ತಿರುವು. ಕೊನೆಗೆ ಹಸಿರು ಗುಂಡಿ ಒತ್ತಿದರೆ ಕೊಟ್ಟ ಆಜ್ಞೆಗಳೆಲ್ಲ ಸಾಲಾಗಿ ನಡೆಯುತ್ತವೆ. ಇದಕ್ಕಿಂತ ಸರಳವಾದ ಪ್ರೋಗ್ರಾಮಿಂಗ್ ಭಾಷೆಯನ್ನು ಊಹಿಸುವುದು ಕಷ್ಟ. ಆದರೂ ಮಕ್ಕಳು ಇಲ್ಲಿ ಪದೇ ಪದೇ ಒಂದೇ ಕಡೆ ಎಡವುತ್ತಾರೆ. ಹಳೆಯ ಆಜ್ಞೆಗಳನ್ನು ಅಳಿಸದೆ ಹೊಸದನ್ನು ಒತ್ತಿದರೆ ಯಂತ್ರ ಮೊದಲು ಹಳೆಯದನ್ನೆಲ್ಲ ಮುಗಿಸಿ ಆಮೇಲೆ ಹೊಸದಕ್ಕೆ ಬರುತ್ತದೆ. ಒಳಗೆ ಏನೇನು ಕೂಡಿಕೊಂಡಿದೆಯೆಂದು ತೋರಿಸುವ ಪರದೆ ಅದರಲ್ಲಿಲ್ಲ. ಮಗುವಿಗೆ ಯಂತ್ರ ತನ್ನ ಮಾತು ಕೇಳುತ್ತಿಲ್ಲ ಎನಿಸುತ್ತದೆ. ಅನುಭವಿ ಶಿಕ್ಷಕಿಯರು ಇದಕ್ಕೆ ಬಾಣದ ಗುರುತಿನ ಕಾರ್ಡುಗಳನ್ನು ಬಳಸುತ್ತಾರೆ: ಮೊದಲು ಕಾರ್ಡುಗಳನ್ನು ನೆಲದ ಮೇಲೆ ಸಾಲಾಗಿ ಇಡು, ಆಮೇಲೆ ಗುಂಡಿ ಒತ್ತು. ಕಾರ್ಡು ಬಂದಮೇಲೆ ಕೆಲಸ ಹೆಚ್ಚಾಯಿತು, ಹಾಗಾಗಿ ಸರಳತೆ ಒಂದಿಷ್ಟು ಕಡಿಮೆಯಾಯಿತು. ಆದರೆ ಪ್ರೋಗ್ರಾಂ ಈಗ ಕಣ್ಣೆದುರು ಇದೆ, ತಪ್ಪಿದ ಹೆಜ್ಜೆಯನ್ನು ಬೆರಳಿಟ್ಟು ತೋರಿಸಬಹುದು.

ಸರಳತೆ, ಕಾಣುವಿಕೆ ಎಂಬ ಈ ಎರಡು ಗುಣಗಳನ್ನು ಬಿಡಿಸಿ ನೋಡಿದ ಮೊದಲಿಗರಲ್ಲಿ ಬ್ರಿಟನ್ನಿನ ಬೆನೆಡಿಕ್ಟ್ ದು ಬುಲೆ, ಟಿಮ್ ಓಶಿ ಮತ್ತು ಜಾನ್ ಮಾಂಕ್ ಪ್ರಮುಖರು. 1981ರಲ್ಲಿ ಪ್ರಕಟವಾದ ಅವರ ಪ್ರಬಂಧ, ಕಲಿಯುವವನ ಮನಸ್ಸಿನಲ್ಲಿ ಕಟ್ಟಿಕೊಳ್ಳಬೇಕಾದ ಒಂದು ಕಾಲ್ಪನಿಕ ಯಂತ್ರದ ಬಗ್ಗೆ ಮಾತಾಡುತ್ತದೆ. ಇದು ಸಿಲಿಕಾನ್ ಚಿಪ್ಪಿನ ನಿಜವಾದ ಯಂತ್ರವಲ್ಲ; ಆ ಭಾಷೆಯ ಮಟ್ಟದಲ್ಲಿ ಕಂಪ್ಯೂಟರ್ ಹೇಗೆ ವರ್ತಿಸುತ್ತದೆ ಎಂಬುದರ ಚಿತ್ರ. ಆ ಯಂತ್ರಕ್ಕೆ ಎರಡು ಗುಣ ಬೇಕೆಂದರು. ಒಂದು, ಅದು ಸರಳವಾಗಿರಬೇಕು. ಎರಡು, ಅದರೊಳಗೆ ನಡೆಯುವುದು ಕಲಿಯುವವನಿಗೆ ಕಾಣಬೇಕು. ನಾಲ್ಕು ದಶಕ ಕಳೆದರೂ ಈ ವಿಂಗಡಣೆಗಿಂತ ಉಪಯುಕ್ತವಾದದ್ದು ನನಗೆ ಸಿಕ್ಕಿಲ್ಲ. ಭಾಷೆ ಆರಿಸುವಾಗ ನಾವು ಮೊದಲ ಗುಣವನ್ನು ಮಾತ್ರ ನೋಡುತ್ತೇವೆ, ಎರಡನೆಯದು ತಾನಾಗಿಯೇ ಬರುತ್ತದೆಂದು ನಂಬುತ್ತೇವೆ.

ಸರಳತೆಯಲ್ಲೂ ಬಗೆಗಳಿವೆ. ಟೈಪ್ ಮಾಡಬೇಕಾದ ಅಕ್ಷರ ಕಡಿಮೆ ಎಂಬುದು ಒಂದು, ಕಲಿಯಬೇಕಾದ ನಿಯಮ ಕಡಿಮೆ ಎಂಬುದು ಇನ್ನೊಂದು, ಭಾಷೆಯ ಒಟ್ಟು ಗಾತ್ರ ಚಿಕ್ಕದು ಎಂಬುದು ಮತ್ತೊಂದು. 1989ರ ಮಾನಕದ ಸಿ ಭಾಷೆಯಲ್ಲಿ ಇರುವ ಮೀಸಲು ಪದಗಳು 32. ಇಂದಿನ ಪೈಥಾನ್‌ನಲ್ಲಿ 35. ಗಾತ್ರದ ಲೆಕ್ಕದಲ್ಲಿ ಸಿ ಚಿಕ್ಕ ಭಾಷೆಯೇ. ಆದರೆ ಸಿ ಸುಲಭವೆಂದು ಯಾವ ಹೊಸ ವಿದ್ಯಾರ್ಥಿಯೂ ಹೇಳಲಾರ.

ಬೇಸಿಕ್‌ನ ಕಾಲ

ಆರಂಭಿಕರಿಗೆಂದೇ ಭಾಷೆ ಬೇಕು ಎಂಬ ಯೋಚನೆಗೆ ಗಟ್ಟಿ ರೂಪ ಬಂದದ್ದು ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ. ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಜ್ ರೂಪಿಸಿದ ಬೇಸಿಕ್ 1964ರ ಮೇ 1ರಂದು ಅಲ್ಲಿ ಮೊದಲ ಸಲ ಓಡಿತು. ವಿಜ್ಞಾನ ಓದದ ವಿದ್ಯಾರ್ಥಿಯೂ ಕಂಪ್ಯೂಟರ್ ಬಳಸಬೇಕು ಎಂಬುದು ಅವರ ಆಶಯ. ಅವರ ಬೇಸಿಕ್‌ನಲ್ಲಿ ಒಂದು ಬೆಲೆಯನ್ನು ಬದಲಾಯಿಸಬೇಕಾದರೆ ಸಾಲಿನ ಮೊದಲಲ್ಲಿ ಲೆಟ್ ಎಂಬ ಪದ ಬರೆಯಲೇಬೇಕಿತ್ತು. ಅಂಕ = ಅಂಕ + 1 ಎಂಬ ಸಾಲನ್ನು ಗಣಿತ ಕಲಿತ ಮಗು ನೋಡಿದರೆ ಅದು ಅಸಂಭವವೇ; ಯಾವ ಸಂಖ್ಯೆಯೂ ತನಗಿಂತ ಒಂದು ಹೆಚ್ಚಿರಲಾರದು. ಇದು ಸಮೀಕರಣವಲ್ಲ, ಆಜ್ಞೆ ಎಂದು ಲೆಟ್ ಎಚ್ಚರಿಸುತ್ತಿತ್ತು. ಮುಂದೆ ಮನೆಕಂಪ್ಯೂಟರ್‌ಗಳಿಗೆ ಬಂದ ಅನೇಕ ಬೇಸಿಕ್‌ಗಳಲ್ಲಿ ಆ ಪದವನ್ನು ಬಿಡಬಹುದೆಂದಾಯಿತು. ಮೂರು ಅಕ್ಷರ ಉಳಿತಾಯವಾಯಿತು, ಎಚ್ಚರಿಕೆ ಹೋಯಿತು. ಸರಳತೆಯ ಲಾಭ ಯಾರಿಗೆ, ನಷ್ಟ ಯಾರಿಗೆ ಎಂಬುದಕ್ಕೆ ಇಷ್ಟು ಚಿಕ್ಕ, ಇಷ್ಟು ಸ್ಪಷ್ಟ ಉದಾಹರಣೆ ಇನ್ನೊಂದಿಲ್ಲ. ಬಲ್ಲವನಿಗೆ ಅನುಕೂಲವಾಯಿತು, ಕಲಿಯುವವನ ಆಸರೆ ತಪ್ಪಿತು.

ಬೇಸಿಕ್‌ನ ಗೋಟು ಆಜ್ಞೆ ಇನ್ನೂ ದೊಡ್ಡ ಕತೆ. ಯಾವ ಸಾಲಿನಿಂದ ಯಾವ ಸಾಲಿಗಾದರೂ ಹಾರಬಹುದು ಎಂಬುದು ಹೇಳಲು ಸುಲಭ. ನೂರು ಸಾಲಿನ ಪ್ರೋಗ್ರಾಮಿನಲ್ಲಿ ಆ ಹಾರಾಟದ ಜಾಡು ಹಿಡಿಯುವುದು ಕಷ್ಟ. ಡಚ್ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ 1968ರಲ್ಲೇ ಗೋಟುವನ್ನು ವಿರೋಧಿಸಿದರು, 1975ರ ಟಿಪ್ಪಣಿಯಲ್ಲಿ ಬೇಸಿಕ್ ಕಲಿತವರ ಬಗ್ಗೆ ಬಹಳ ಕಟುವಾಗಿ ಬರೆದರು. ಸ್ವಿಟ್ಜರ್‌ಲೆಂಡಿನ ನಿಕ್ಲಾಸ್ ವಿರ್ತ್ 1970ರಲ್ಲಿ ತಂದ ಪ್ಯಾಸ್ಕಲ್ ಬೇರೆ ದಾರಿ ಹಿಡಿಯಿತು. ಅಲ್ಲಿ ಬೆಲೆ ಕೊಡುವುದಕ್ಕೆ ಒಂದು ಗುರುತು, ಸಮವೇ ಎಂದು ಹೋಲಿಸುವುದಕ್ಕೆ ಇನ್ನೊಂದು. ಯಾವ ವೇರಿಯಬಲ್‌ನಲ್ಲಿ ಯಾವ ಜಾತಿಯ ಬೆಲೆ ಇರುತ್ತದೆಂದು ಮೊದಲೇ ಘೋಷಿಸಬೇಕು. ಬರೆಯುವುದು ಹೆಚ್ಚು, ಊಹಿಸಬೇಕಾದದ್ದು ಕಡಿಮೆ.

ಬ್ರಿಟನ್ ಈ ಎರಡರ ನಡುವೆ ತನ್ನದೇ ಹಾದಿ ಕಂಡುಕೊಂಡಿತು. ಬಿಬಿಸಿಯ ಕಂಪ್ಯೂಟರ್ ಸಾಕ್ಷರತಾ ಯೋಜನೆಯ ಭಾಗವಾಗಿ 1981ರ ಕೊನೆಗೆ ಬಂದ ಬಿಬಿಸಿ ಮೈಕ್ರೋ ದೇಶದ ಬಹುಪಾಲು ಶಾಲೆಗಳನ್ನು ಸೇರಿತು. ಅದರ ಬೇಸಿಕ್ ಬರೆದವರು ಏಕಾರ್ನ್ ಕಂಪನಿಯ ಸೋಫಿ ವಿಲ್ಸನ್. ಹೆಸರಿಟ್ಟು ಕರೆಯಬಹುದಾದ ಪ್ರೊಸೀಜರ್‌ಗಳು, ಅವುಗಳೊಳಗೆ ಮಾತ್ರ ಬದುಕುವ ವೇರಿಯಬಲ್‌ಗಳು, ರಿಪೀಟ್ ಮತ್ತು ಅಂಟಿಲ್ ಜೋಡಿ, ಇವೆಲ್ಲ ಅದರಲ್ಲಿದ್ದವು. ಇತರ ಅನೇಕ ಬೇಸಿಕ್‌ಗಳಲ್ಲಿ ವೇರಿಯಬಲ್‌ನ ಹೆಸರಿನ ಕಾಗುಣಿತ ತಪ್ಪಿದರೆ ಯಂತ್ರ ಮರುಮಾತಿಲ್ಲದೆ ಸೊನ್ನೆ ಬೆಲೆಯ ಹೊಸ ವೇರಿಯಬಲ್ ಸೃಷ್ಟಿಸುತ್ತಿತ್ತು. ಬಿಬಿಸಿ ಬೇಸಿಕ್ ಅಂಥ ವೇರಿಯಬಲ್ ಇಲ್ಲವೆಂದು ನಿಂತು ಹೇಳುತ್ತಿತ್ತು. ಅದೇ ಭಾಷೆಯ ಹೆಸರು, ಅದೇ ಸರಳ ಮುಖ, ಆದರೆ ತಪ್ಪನ್ನು ಮುಚ್ಚಿಡದ ಸ್ವಭಾವ.

ಆಮೆ ಕಲಿಸಿದ್ದು, ಕಲಿಸದೇ ಇದ್ದದ್ದು

1967ರಲ್ಲಿ ವಾಲಿ ಫೋಯರ್‌ಜೈಗ್, ಸೆಮೋರ್ ಪೇಪರ್ಟ್ ಮತ್ತು ಸಿಂಥಿಯಾ ಸೋಲೊಮನ್ ರೂಪಿಸಿದ ಲೋಗೋ, ಕಾಣುವಿಕೆಯನ್ನೇ ಮುಖ್ಯ ಮಾಡಿದ ಭಾಷೆ. ಅದರಲ್ಲಿ ಆಮೆ ಎಂದು ಕರೆಯುವ ಗುರುತಿಗೆ ಮುಂದೆ ಹೋಗು, ಇಷ್ಟು ಡಿಗ್ರಿ ತಿರುಗು ಎಂದರೆ ಅದು ಗೆರೆ ಎಳೆಯುತ್ತ ಹೋಗುತ್ತದೆ. ಅರ್ಥವಾಗದ ಮಗು ತಾನೇ ಎದ್ದು ಆಮೆಯಂತೆ ನಡೆದು ನೋಡಬಹುದು. ಬೀ-ಬಾಟ್ ಇದರ ಮೊಮ್ಮಗ.

ಕನ್ನಡಿಗರು ಹೆಮ್ಮೆಯಿಂದ ನೆನೆಯಬೇಕಾದ ಸಂಗತಿ ಇಲ್ಲಿದೆ. ಕನ್ನಡ ಗಣಕ ಲೋಕಕ್ಕೆ ಬಹಳ ದುಡಿದಿರುವ ಯು. ಬಿ. ಪವನಜ ಲೋಗೋವಿನ ಕನ್ನಡ ಆವೃತ್ತಿಯನ್ನು ಸಿದ್ಧಪಡಿಸಿದರು. ಇಂಗ್ಲಿಷ್ ಓದಲು ಬಾರದ ಹಳ್ಳಿಯ ಮಗುವೂ ತನ್ನ ಭಾಷೆಯಲ್ಲೇ ಆಜ್ಞೆ ಕೊಟ್ಟು ಚಿತ್ರ ಬಿಡಿಸಬಹುದಾಯಿತು. ಅದು ನಮ್ಮ ಶಾಲೆಗಳಲ್ಲಿ ವ್ಯಾಪಕವಾಗಿ ಬೇರೂರಬೇಕಿತ್ತು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆದರೆ ಆಮೆ ಎಲ್ಲವನ್ನೂ ತೋರಿಸುವುದಿಲ್ಲ. ಗೆರೆ ಕಾಣುತ್ತದೆ, ವೇರಿಯಬಲ್ ಒಳಗಿನ ಬೆಲೆ, ಒಂದು ಪ್ರೊಸೀಜರ್ ತನ್ನನ್ನೇ ಕರೆದಾಗ ಬಾಕಿ ಉಳಿಯುವ ಕೆಲಸ, ಇವು ಕಾಣುವುದಿಲ್ಲ. 1980ರ ದಶಕದಲ್ಲಿ ನ್ಯೂಯಾರ್ಕಿನ ಬ್ಯಾಂಕ್ ಸ್ಟ್ರೀಟ್ ಕಾಲೇಜಿನ ರಾಯ್ ಪೀ ಮತ್ತು ಮಿಡಿಯನ್ ಕರ್ಲಂಡ್ ಲೋಗೋ ಕಲಿತ ಮಕ್ಕಳನ್ನು ಪರೀಕ್ಷಿಸಿದಾಗ, ಯೋಜನೆ ಹಾಕುವ ಸಾಮರ್ಥ್ಯದಲ್ಲಿ ಅವರು ಉಳಿದ ಮಕ್ಕಳಿಗಿಂತ ಮುಂದೆ ಹೋಗಿರಲಿಲ್ಲ. 1986ರ ಲೇಖನದಲ್ಲಿ ಪೀ ಇನ್ನೂ ಆಳದ ಒಂದು ತಪ್ಪನ್ನು ಗುರುತಿಸಿದರು. ಯಾವುದೇ ಭಾಷೆಯಾಗಲಿ, ಹೊಸ ವಿದ್ಯಾರ್ಥಿ ಕಂಪ್ಯೂಟರ್‌ನೊಳಗೆ ಒಂದು ಮನಸ್ಸಿದೆ, ತನ್ನ ಇಂಗಿತ ಅದಕ್ಕೆ ತಿಳಿಯುತ್ತದೆ ಎಂದು ನಂಬಿರುತ್ತಾನೆ. ಮಾತಿನಂತೆ ಓದಿಸಿಕೊಳ್ಳುವ ಸರಳ ಭಾಷೆ ಈ ನಂಬಿಕೆಯನ್ನು ಇನ್ನಷ್ಟು ಬಲಪಡಿಸುವ ಸಾಧ್ಯತೆಯಿದೆ. ಕಾಣುವಿಕೆ ಇದ್ದರಷ್ಟೇ ಆ ನಂಬಿಕೆ ಕರಗುತ್ತದೆ.

ಟರ್ಬೊ ಸಿ ಪೀಳಿಗೆ

ಇಲ್ಫರ್ಡ್‌ನ ಅಪ್ಪ ಅಮ್ಮಂದಿರ ಕಡೆಗೆ ಬರೋಣ. ನಮ್ಮಲ್ಲಿ ಬಹುಪಾಲು ಜನ ಬೋರ್ಲ್ಯಾಂಡ್ ಕಂಪನಿಯ ಟರ್ಬೊ ಸಿ ನೀಲಿ ಪರದೆಯ ಮುಂದೆ ಕೋಡ್ ಕಲಿತವರು. ಲ್ಯಾಬ್ ರೆಕಾರ್ಡ್, ವೈವಾ, ಪರೀಕ್ಷೆಗೆ ಬಾಯಿಪಾಠ ಮಾಡಿದ ಪ್ರೋಗ್ರಾಮುಗಳು. ಮೊದಲ ಸಾಲುಗಳನ್ನು ಯಾಕೆ ಬರೆಯುತ್ತೇವೆಂದು ಗೊತ್ತಿರಲಿಲ್ಲ. ಕೊನೆಯಲ್ಲಿ ಕೀ ಒತ್ತುವವರೆಗೆ ಕಾಯಿಸುವ ಗೆಟ್‌ಚ್ ಹಾಕದಿದ್ದರೆ ಉತ್ತರ ಮಿಂಚಿ ಮಾಯವಾಗುತ್ತಿತ್ತು, ಹಾಗಾಗಿ ಹಾಕುತ್ತಿದ್ದೆವು.

1ರಿಂದ ಕೊಟ್ಟ ಸಂಖ್ಯೆಯವರೆಗಿನದನ್ನೆಲ್ಲ ಗುಣಿಸುವ ಫ್ಯಾಕ್ಟೋರಿಯಲ್ ಪ್ರೋಗ್ರಾಂ ಎಲ್ಲರೂ ಬರೆದದ್ದೇ. 7 ಕೊಟ್ಟರೆ 5040 ಎಂಬ ಸರಿಯುತ್ತರ. 8 ಕೊಟ್ಟರೆ 40320 ಬರಬೇಕು. ಟರ್ಬೊ ಸಿಯ ಸಾಮಾನ್ಯ ಪೂರ್ಣಾಂಕದಲ್ಲಿ ಲೆಕ್ಕ ಹಾಕಿದರೆ ಬರುವುದು -25216. ಅಲ್ಲಿ ಪೂರ್ಣಾಂಕಕ್ಕೆ ಮೀಸಲಾದದ್ದು 16 ಬಿಟ್, ಗರಿಷ್ಠ ಬೆಲೆ 32767. ಅದನ್ನು ಮೀರಿದ ಸಂಖ್ಯೆ ಸುತ್ತು ಹೊಡೆದು ಋಣಾತ್ಮಕವೂ ಆಗಬಹುದು. ಎರರ್ ಇಲ್ಲ, ಎಚ್ಚರಿಕೆಯಿಲ್ಲ. ಕೀಬೋರ್ಡಿನಿಂದ ಬೆಲೆ ಓದುವ ಸ್ಕ್ಯಾನ್‌ಎಫ್‌ನಲ್ಲಿ ಆಂಪರ್‌ಸ್ಯಾಂಡ್ ಗುರುತು ಬಿಟ್ಟರೂ ಹಾಗೆಯೇ. ಪ್ರೋಗ್ರಾಂ ಕಂಪೈಲ್ ಆಗುತ್ತದೆ, ಬೆಲೆ ಇನ್ನೆಲ್ಲೋ ಹೋಗಿ ಬೀಳುತ್ತದೆ. ಹತ್ತು ಮನೆಯ ಅರೇಯಲ್ಲಿ ಹನ್ನೊಂದನೆಯದಕ್ಕೆ ಬರೆದರೂ ಸಿ ತಡೆಯುವುದಿಲ್ಲ.

ಸಿ ಯಂತ್ರಕ್ಕೆ ಹತ್ತಿರ, ಆದ್ದರಿಂದ ಬುನಾದಿ ಗಟ್ಟಿ ಎಂಬ ವಾದದಲ್ಲಿ ಹುರುಳಿದೆ. ಮೆಮೊರಿ ಎಂದರೇನು, ವಿಳಾಸ ಎಂದರೇನು ಎಂದು ಒಂದಲ್ಲ ಒಂದು ದಿನ ತಿಳಿಯಲೇಬೇಕು. ಆದರೆ ಯಂತ್ರಕ್ಕೆ ಹತ್ತಿರವಿರುವುದು ಬೇರೆ, ಯಂತ್ರವನ್ನು ತೋರಿಸುವುದು ಬೇರೆ. ಸಿ ಹತ್ತಿರ ಕರೆದೊಯ್ದು ದೀಪ ಆರಿಸುತ್ತದೆ. ನಮ್ಮಲ್ಲಿ ಸಿ ಚೆನ್ನಾಗಿ ಕಲಿತವರು, ಕಾಗದದ ಮೇಲೆ ಚೌಕ ಬರೆದು ಸಾಲು ಸಾಲಾಗಿ ಬೆಲೆ ತುಂಬಿಸಿ ತೋರಿಸುವ ಒಬ್ಬ ಒಳ್ಳೆಯ ಮೇಷ್ಟ್ರೋ ಮೇಡಮ್ಮೋ ಸಿಕ್ಕವರು. ಬುನಾದಿ ಗಟ್ಟಿ ಮಾಡಿದ್ದು ಆ ಕಾಗದ. ಅಂಥವರು ಸಿಗದ ಎಷ್ಟೋ ಜಾಣ ವಿದ್ಯಾರ್ಥಿಗಳು, ಅದರಲ್ಲೂ ಕನ್ನಡ ಮಾಧ್ಯಮದಿಂದ ಬಂದವರು, ಪ್ರೋಗ್ರಾಮಿಂಗ್ ತಮಗೆ ಹೇಳಿದ್ದಲ್ಲ ಎಂದು ಬಿಟ್ಟುಬಿಟ್ಟರು. ಆ ನಷ್ಟವನ್ನು ನಾವು ಎಂದೂ ಲೆಕ್ಕ ಹಾಕಿಲ್ಲ.

ಇಂಗ್ಲೆಂಡಿನ ತಿರುವು, ಸ್ಕ್ರ್ಯಾಚ್‌ನ ದಿನಗಳು

ಬಿಬಿಸಿ ಮೈಕ್ರೋ ಮರೆಯಾದ ಮೇಲೆ ಇಂಗ್ಲೆಂಡಿನ ಶಾಲೆಗಳಲ್ಲಿ ಕಂಪ್ಯೂಟರ್ ಪಾಠವೆಂದರೆ ಹೆಚ್ಚಾಗಿ ಪತ್ರ ಬರೆಯುವುದು, ಸ್ಪ್ರೆಡ್‌ಶೀಟ್ ತುಂಬುವುದು ಎಂದಾಗಿತ್ತು. 2012ರ ಜನವರಿಯಲ್ಲಿ ರಾಯಲ್ ಸೊಸೈಟಿಯ ವರದಿ ಈ ಪಾಠಕ್ರಮವನ್ನು ಕಟುವಾಗಿ ವಿಮರ್ಶಿಸಿತು. 2014ರ ಸೆಪ್ಟೆಂಬರ್‌ನಿಂದ ಐದು ವರ್ಷದ ಮಗುವಿನಿಂದಲೇ ಆರಂಭವಾಗುವ ಹೊಸ ಕಂಪ್ಯೂಟಿಂಗ್ ಪಠ್ಯಕ್ರಮ ಜಾರಿಗೆ ಬಂತು. 11ರಿಂದ 14 ವಯಸ್ಸಿನವರು ಎರಡು ಅಥವಾ ಹೆಚ್ಚು ಭಾಷೆ ಕಲಿಯಬೇಕು, ಒಂದಾದರೂ ಅಕ್ಷರದಲ್ಲಿ ಬರೆಯುವಂಥದ್ದಾಗಿರಬೇಕು ಎಂದು ಅದು ಹೇಳುತ್ತದೆ. ನನಗೆ ಅದಕ್ಕಿಂತ ಮಹತ್ವದ್ದೆನಿಸುವುದು 5ರಿಂದ 7 ವಯಸ್ಸಿನವರಿಗೆ ಇಟ್ಟ ಒಂದು ಗುರಿ: ಸರಳ ಪ್ರೋಗ್ರಾಂ ಹೇಗೆ ವರ್ತಿಸುತ್ತದೆಂದು ತರ್ಕದಿಂದ ಮುಂಚಿತವಾಗಿ ಹೇಳುವುದು. ಸ್ಪಷ್ಟತೆಯ ಅಳತೆಗೋಲು ದೇಶದ ಪಠ್ಯಕ್ರಮದಲ್ಲೇ ಇದೆ.

ಅಮೆರಿಕದ ಎಂಐಟಿಯಲ್ಲಿ ಮಿಚೆಲ್ ರೆಸ್ನಿಕ್ ತಂಡ 2007ರಲ್ಲಿ ಬಿಡುಗಡೆ ಮಾಡಿದ ಸ್ಕ್ರ್ಯಾಚ್ ಇಂಗ್ಲೆಂಡಿನ ಪ್ರಾಥಮಿಕ ಶಾಲೆಗಳ ಮುಖ್ಯ ಭಾಷೆಯಾಯಿತು. ಲಂಡನ್ನಿನಲ್ಲೇ 2012ರಲ್ಲಿ ಹುಟ್ಟಿದ ಕೋಡ್ ಕ್ಲಬ್ ಚಳವಳಿಯೂ ಸ್ಕ್ರ್ಯಾಚ್ ಮೂಲಕವೇ ಹರಡಿತು. ಬಣ್ಣದ ತುಂಡುಗಳನ್ನು ಜೋಡಿಸುವುದರಿಂದ ಕಾಗುಣಿತದ ತಪ್ಪು, ಬಿಟ್ಟುಹೋದ ಆವರಣದ ಕಾಟ ಇಲ್ಲವೇ ಇಲ್ಲ. ವೇರಿಯಬಲ್ ಮಾಡಿದ ಕೂಡಲೇ ಅದರ ಬೆಲೆ ಪರದೆಯ ಮೂಲೆಯಲ್ಲಿ ಕಾಣುತ್ತದೆ, ಓಡುತ್ತಿರುವ ತುಂಡುಗಳ ಸುತ್ತ ಬೆಳಕು ಹೊಳೆಯುತ್ತದೆ. ಇಲ್ಲಿ ಸರಳತೆಯೂ ಕಾಣುವಿಕೆಯೂ ಕೈಕೈ ಹಿಡಿದಿವೆ.

ಆದರೆ ಸ್ಕ್ರ್ಯಾಚ್ ರೂಪಿಸಿದವರು ಮಗುವಿಗೆ ಎರರ್ ಸಂದೇಶವೇ ಬೇಡವೆಂದು ನಿರ್ಧರಿಸಿದರು. ಸಂಖ್ಯೆಯಿರಬೇಕಾದ ಕಡೆ ಪದ ಹಾಕಿದರೆ ಅದನ್ನು ಸೊನ್ನೆ ಎಂದುಕೊಂಡು ಮುಂದೆ ಹೋಗುತ್ತದೆ. ಹಸಿರು ಬಾವುಟ ಒತ್ತಿದಾಗ ಹತ್ತು ಕಡೆ ಹತ್ತು ಸ್ಕ್ರಿಪ್ಟುಗಳು ಒಟ್ಟಿಗೆ ಶುರುವಾಗುತ್ತವೆ. ಯಾವುದು ಮೊದಲು, ಯಾವುದು ಆಮೇಲೆ ಎಂದು ಹೇಳುವುದು ಬರೆದ ಮಗುವಿಗೂ ಕಷ್ಟ. ಇಸ್ರೇಲಿನ ಓರ್ನಿ ಮೀರ್ಬೌಮ್ ಸಲಾಂತ್, ಮಿಖಾಲ್ ಅರ್ಮೋನಿ ಮತ್ತು ಮೋತಿ ಬೆನ್-ಆರಿ 2011ರಲ್ಲಿ, ಸ್ಕ್ರ್ಯಾಚ್ ಮಕ್ಕಳು ಪ್ರೋಗ್ರಾಮನ್ನು ಅತಿ ಚಿಕ್ಕ ಚೂರುಗಳಾಗಿ ಒಡೆದು, ಒಟ್ಟು ಯೋಚನೆಯಿಲ್ಲದೆ ತುಂಡು ಸೇರಿಸುತ್ತ ಹೋಗುವ ಅಭ್ಯಾಸ ಬೆಳೆಸಿಕೊಳ್ಳುತ್ತಾರೆಂದು ವರದಿ ಮಾಡಿದರು. ಇದರಿಂದ ಸ್ಕ್ರ್ಯಾಚ್ ಬೇಡವೆಂದಾಗುವುದಿಲ್ಲ. ಡೇವಿಡ್ ವೈನ್‌ಟ್ರಾಪ್ ಮತ್ತು ಯೂರಿ ವಿಲೆನ್‌ಸ್ಕಿ ಅಮೆರಿಕದ ಒಂದು ಪ್ರೌಢಶಾಲೆಯಲ್ಲಿ ಹೋಲಿಸಿ ನೋಡಿದಾಗ, ಮೊದಲ ಐದು ವಾರ ತುಂಡುಗಳಿಂದ ಕಲಿತವರು ಅಕ್ಷರದಿಂದ ಕಲಿತವರಿಗಿಂತ ಹೆಚ್ಚು ಮುಂದುವರಿದಿದ್ದರು. ಆಮೇಲೆ ಇಬ್ಬರೂ ಹತ್ತು ವಾರ ಜಾವಾ ಕಲಿತ ಹೊತ್ತಿಗೆ ಆ ಅಂತರ ಉಳಿದಿರಲಿಲ್ಲ. ಒಳ್ಳೆಯ ಆರಂಭಕ್ಕೆ ಬೆಲೆಯಿದೆ. ಅದು ತಾನಾಗಿಯೇ ಮುಂದಿನ ಮೆಟ್ಟಿಲಿಗೆ ಒಯ್ಯುವುದಿಲ್ಲ.

ಪೈಥಾನ್: ತೆರೆದದ್ದೂ ಮುಚ್ಚಿದ್ದೂ

ಪೈಥಾನ್‌ನ ಬೇರು ಕಲಿಕೆಯಲ್ಲೇ ಇದೆ. ಆಮ್‌ಸ್ಟರ್‌ಡಾಮ್‌ನ ಸಂಶೋಧನಾ ಕೇಂದ್ರದಲ್ಲಿ ಆರಂಭಿಕರಿಗೆಂದು ರೂಪಿಸಿದ ಎಬಿಸಿ ಎಂಬ ಭಾಷೆಯ ಮೇಲೆ ದುಡಿದಿದ್ದ ಗಿಡೊ ವಾನ್ ರೋಸಮ್, ಆ ಅನುಭವದಿಂದ 1991ರಲ್ಲಿ ಪೈಥಾನ್ ಹೊರತಂದರು. ಸಾಲಿನ ಮುಂದೆ ಬಿಟ್ಟ ಜಾಗವೇ ಯಾವ ಸಾಲು ಯಾವುದರೊಳಗಿದೆ ಎಂದು ಹೇಳುವ ಪದ್ಧತಿ ಎಬಿಸಿಯಿಂದ ಬಂದದ್ದು. ಇದು ಸರಳತೆ ಮತ್ತು ಸ್ಪಷ್ಟತೆ ಒಂದೇ ಆದ ಅಪರೂಪದ ಜಾಗ: ಕಣ್ಣಿಗೆ ಕಾಣುವ ಆಕಾರವೇ ಯಂತ್ರ ಪಾಲಿಸುವ ಆಕಾರ.

ಮುಚ್ಚಿಟ್ಟ ಜಾಗಗಳೂ ಇವೆ. ಮಗು ಎರಡು ಸಂಖ್ಯೆ ಕೇಳಿ ಕೂಡಿಸುವ ಪ್ರೋಗ್ರಾಂ ಬರೆದು 12 ಮತ್ತು 30 ಕೊಡುತ್ತದೆ; ಬರುವ ಉತ್ತರ 1230. ಕೀಬೋರ್ಡಿನಿಂದ ಬಂದದ್ದೆಲ್ಲ ಪೈಥಾನ್‌ಗೆ ಅಕ್ಷರಗಳ ಸಾಲು, ಅದನ್ನು ಸಂಖ್ಯೆಯಾಗಿ ಬದಲಿಸಬೇಕು ಎಂಬುದು ಸಾಲಿನಲ್ಲಿ ಎಲ್ಲೂ ಕಾಣುವುದಿಲ್ಲ. 1ರಿಂದ 10ರ ರೇಂಜ್ ಎಂದರೆ 9ಕ್ಕೇ ನಿಲ್ಲುತ್ತದೆ. ಒಂದು ಲಿಸ್ಟನ್ನು ಇನ್ನೊಂದು ಹೆಸರಿಗೆ ಕೊಟ್ಟು ಎರಡನೆಯದಕ್ಕೆ ಏನಾದರೂ ಸೇರಿಸಿದರೆ ಮೊದಲನೆಯದೂ ಬದಲಾಗುತ್ತದೆ, ಯಾಕೆಂದರೆ ಅಲ್ಲಿರುವುದು ಒಂದೇ ಲಿಸ್ಟಿಗೆ ಎರಡು ಹೆಸರು. ಸಂಖ್ಯೆಗಳಲ್ಲಿ ಹಾಗಾಗುವುದನ್ನು ಮಗು ಕಂಡಿಲ್ಲ. ಇನ್ನೊಂದು ಕಡೆ ಪೈಥಾನ್ ಮೆಚ್ಚಬೇಕಾದಷ್ಟು ನೇರ: ಅಕ್ಷರವಾಗಿರುವ 5ಕ್ಕೆ ಸಂಖ್ಯೆಯಾಗಿರುವ 5 ಕೂಡಿಸಲು ಹೋದರೆ ಆಗದೆಂದು ನಿಂತುಬಿಡುತ್ತದೆ. ಜಾವಾಸ್ಕ್ರಿಪ್ಟ್ ಅದೇ ಲೆಕ್ಕಕ್ಕೆ ಸುಮ್ಮನೆ 55 ಕೊಡುತ್ತದೆ. 2021ರಲ್ಲಿ ಬಂದ ಪೈಥಾನ್ 3.10ರಿಂದ ಎರರ್ ಸಂದೇಶಗಳೂ ಗಮನಾರ್ಹವಾಗಿ ಸುಧಾರಿಸಿವೆ. ತೆರೆದ ಆವರಣವನ್ನು ಮುಚ್ಚಿಲ್ಲವೆಂದು ಈಗ ನೇರವಾಗಿ ಹೇಳುತ್ತದೆ.

ಇಲ್ಫರ್ಡ್‌ನ ಹದಿನಾರರ ಮಕ್ಕಳು ಬರೆಯುವ ಜಿಸಿಎಸ್‌ಇ ಪರೀಕ್ಷೆಯಲ್ಲೂ ಈ ಚರ್ಚೆಯ ಛಾಯೆಯಿದೆ. ಎಕ್ಯುಎ ಮಂಡಳಿ ಪೈಥಾನ್, ಸಿ ಶಾರ್ಪ್ ಮತ್ತು ವಿಬಿ ಡಾಟ್ ನೆಟ್ ಭಾಷೆಗಳಲ್ಲಿ ಪ್ರತ್ಯೇಕ ಪ್ರಶ್ನೆಪತ್ರಿಕೆ ಕೊಡುತ್ತದೆ. ಓಸಿಆರ್ ತನ್ನದೇ ಆದ ಪರೀಕ್ಷಾ ಭಾಷೆಯೊಂದನ್ನು ಕಾಗದಕ್ಕೆಂದು ರೂಪಿಸಿದೆ. ಪಿಯರ್ಸನ್ ಎಡೆಕ್ಸೆಲ್ ಪೈಥಾನನ್ನು ಆರಿಸಿ, ವಿದ್ಯಾರ್ಥಿ ಅದರ ಯಾವ ಭಾಗವನ್ನು ಮಾತ್ರ ತಿಳಿದಿರಬೇಕೆಂದು ಪಟ್ಟಿ ಮಾಡಿ, ಕಂಪ್ಯೂಟರ್ ಮುಂದೆಯೇ ಕೋಡ್ ಬರೆಸುತ್ತದೆ. ಈ ಮೂರನೆಯ ದಾರಿ ನನಗೆ ಹೆಚ್ಚು ಅರ್ಥಪೂರ್ಣ. ನಿಜವಾದ ಭಾಷೆ, ಆದರೆ ಗಡಿ ಹಾಕಿದ ಭಾಷೆ.

ಅಂದಾಜು ಬೇಡ, ಪುರಾವೆ ಬೇಕು

ಗಡಿ ಹಾಕುವ ಯೋಚನೆ ಹೊಸದಲ್ಲ. ಮತ್ತಿಯಾಸ್ ಫೆಲೈಸನ್ ಮತ್ತು ಸಂಗಡಿಗರು ರ‍್ಯಾಕೆಟ್ ಎಂಬ ಭಾಷೆಯಲ್ಲಿ ವಿದ್ಯಾರ್ಥಿಯ ಮಟ್ಟಕ್ಕೆ ತಕ್ಕ ಮೆಟ್ಟಿಲುಭಾಷೆಗಳನ್ನು ಬಹು ಹಿಂದೆಯೇ ರೂಪಿಸಿದರು. ಆರಂಭದ ಮೆಟ್ಟಿಲಿನಲ್ಲಿ ಇನ್ನೂ ಕಲಿಯದ ಅಂಶ ಇರುವುದೇ ಇಲ್ಲವಾದ್ದರಿಂದ, ಎರರ್ ಸಂದೇಶ ಕೂಡ ಕಲಿತ ಮಾತಿನಲ್ಲೇ ಬರಬಹುದು. ಆದರೂ ಅದೇ ಬಳಗದವರು 2011ರಲ್ಲಿ ವಿದ್ಯಾರ್ಥಿಗಳನ್ನು ಮಾತಾಡಿಸಿದಾಗ, ಸಂದೇಶಗಳಲ್ಲಿನ ಎಷ್ಟೋ ಪದಗಳು ಅವರಿಗೆ ಅರ್ಥವಾಗಿರಲಿಲ್ಲವೆಂದು ಕಂಡುಬಂತು. ನೆದರ್‌ಲೆಂಡ್ಸ್‌ನ ಫೆಲಿಯೆನ್ ಹರ್ಮನ್ಸ್ 2020ರಲ್ಲಿ ತಂದ ಹೆಡಿ ಕೂಡ ಮೆಟ್ಟಿಲುಭಾಷೆಯೇ. ಮೊದಲ ಹಂತದಲ್ಲಿ ಉದ್ಧರಣ ಚಿಹ್ನೆಯೂ ಇಲ್ಲ. ಅಗತ್ಯ ಬಿದ್ದಾಗ, ಯಾಕೆ ಬೇಕೆಂದು ಮಗುವಿಗೆ ಅನಿಸಿದಾಗ ಅದು ಬರುತ್ತದೆ. ಹೆಡಿಯ ಮೂಲ ಪದಗಳನ್ನೇ ಬೇರೆ ಬೇರೆ ಭಾಷೆಗಳಲ್ಲಿ ಬರೆಯಬಹುದು.

ಯಾವುದು ಸ್ಪಷ್ಟ ಎಂಬ ವಿಷಯದಲ್ಲಿ ಬಲ್ಲವರ ಅಂದಾಜನ್ನು ನಂಬುವಂತಿಲ್ಲ. ಆಂಡ್ರಿಯಾಸ್ ಸ್ಟೆಫಿಕ್ ಮತ್ತು ಸುಸನ್ನಾ ಸೀಬರ್ಟ್ 2013ರಲ್ಲಿ ಒಂದು ಕುತೂಹಲದ ಪ್ರಯೋಗ ಪ್ರಕಟಿಸಿದರು. ಚಿಹ್ನೆಗಳನ್ನು ಯದ್ವಾತದ್ವಾ ಆರಿಸಿ ಮಾಡಿದ ಕೃತಕ ಭಾಷೆಯೊಂದನ್ನು ಹೊಸಬರಿಗೆ ಕೊಟ್ಟರು. ಅದಕ್ಕೆ ಹೋಲಿಸಿದರೆ ಜಾವಾ ಮತ್ತು ಪರ್ಲ್‌ನಲ್ಲಿ ಬರೆದವರು ಹೆಚ್ಚು ನಿಖರವಾಗಿರಲಿಲ್ಲ. ಪೈಥಾನ್, ರೂಬಿ ಮತ್ತು ಸ್ಟೆಫಿಕ್ ಅವರದೇ ಆದ ಕೋರಂ ಭಾಷೆ ಬಳಸಿದವರು ನಿಖರವಾಗಿದ್ದರು. ಇಂಗ್ಲೆಂಡಿನ ಕೆಂಟ್ ವಿಶ್ವವಿದ್ಯಾಲಯದಲ್ಲಿ ನೀಲ್ ಬ್ರೌನ್ ಮತ್ತು ಅಮ್ಜದ್ ಅಲ್ತದ್ಮ್ರಿ, ಜಾವಾ ಕಲಿಯುವವರ ದೊಡ್ಡ ಪ್ರಮಾಣದ ದತ್ತಾಂಶವನ್ನು ಶಿಕ್ಷಕರ ಊಹೆಗಳ ಜೊತೆ ಇಟ್ಟು ನೋಡಿದರು. ಯಾವ ತಪ್ಪು ಹೆಚ್ಚು ಆಗುತ್ತದೆಂಬ ಬಗ್ಗೆ ಶಿಕ್ಷಕರಲ್ಲೇ ಒಮ್ಮತವಿರಲಿಲ್ಲ, ಅವರ ಊಹೆ ದತ್ತಾಂಶಕ್ಕೂ ಹೊಂದಲಿಲ್ಲ. ಇಪ್ಪತ್ತು ವರ್ಷ ಕೋಡ್ ಬರೆದ ತಂದೆ ತನ್ನ ಮಗಳಿಗೆ ಯಾವುದು ಸುಲಭವೆಂದು ನಿರ್ಧರಿಸುವ ಮೊದಲು ಇದನ್ನು ನೆನೆಯುವುದು ಒಳ್ಳೆಯದು.

ಭಾಷೆ ತೋರಿಸದ್ದನ್ನು ಸಲಕರಣೆ ತೋರಿಸಬಹುದು. ಫಿಲಿಪ್ ಗುವೊ ರೂಪಿಸಿದ ಪೈಥಾನ್ ಟ್ಯೂಟರ್‌ನಲ್ಲಿ ಪ್ರತಿ ಸಾಲು ಓಡಿದ ಮೇಲೆ ಯಾವ ಹೆಸರು ಯಾವ ಬೆಲೆಯ ಕಡೆ ತೋರುತ್ತಿದೆಯೆಂದು ಬಾಣದ ಗುರುತಿನಲ್ಲಿ ಕಾಣುತ್ತದೆ. ಒಂದೇ ಲಿಸ್ಟಿಗೆ ಎರಡು ಹೆಸರು ಎಂಬುದು ಅರ್ಧ ನಿಮಿಷದಲ್ಲಿ ಅರ್ಥವಾಗುತ್ತದೆ. ಎಸ್ಟೋನಿಯಾದ ತಾರ್ತು ವಿಶ್ವವಿದ್ಯಾಲಯದಿಂದ ಬಂದ ಥಾನಿ ಎಂಬ ಎಡಿಟರ್ ಒಂದೊಂದು ಲೆಕ್ಕವನ್ನೂ ಹೆಜ್ಜೆ ಹೆಜ್ಜೆಯಾಗಿ ಬಿಡಿಸುತ್ತದೆ. ಎರಡೂ ಉಚಿತ. ಸಲಕರಣೆಯೂ ಇಲ್ಲದಿದ್ದರೆ ಡಬ್ಬಿ ಸಾಕು. ಇಲ್ಫರ್ಡ್‌ನಿಂದ ದೂರವಲ್ಲದ ಮೈಲ್ ಎಂಡ್‌ನಲ್ಲಿರುವ ಕ್ವೀನ್ ಮೇರಿ ವಿಶ್ವವಿದ್ಯಾಲಯದ ಪಾಲ್ ಕರ್ಜನ್ ಕಂಪ್ಯೂಟರ್ ಇಲ್ಲದೆ ಕಂಪ್ಯೂಟಿಂಗ್ ಕಲಿಸುವುದರಲ್ಲಿ ಹೆಸರಾದವರು. ವೇರಿಯಬಲ್ ಎಂದರೆ ಕಾಗದ ಹರಿಯುವ ಯಂತ್ರವೂ ನಕಲು ತೆಗೆಯುವ ಯಂತ್ರವೂ ಇರುವ ಡಬ್ಬಿ ಎಂದು ಅವರು ಹೇಳಿಕೊಡುತ್ತಾರೆ. ಹೊಸ ಬೆಲೆ ಹಾಕಿದರೆ ಹಳೆಯದು ಹರಿದು ಹೋಗುತ್ತದೆ. ಬೆಲೆ ಕೇಳಿದರೆ ನಕಲು ಸಿಗುತ್ತದೆ, ಮೂಲ ಅಲ್ಲೇ ಉಳಿಯುತ್ತದೆ. ಅಂಕ = ಅಂಕ + 1ರ ಗೊಂದಲ ಇಲ್ಲಿ ಇಲ್ಲವಾಗುತ್ತದೆ.

ಓದಿಸಿ, ಕೇಳಿ, ಆಮೇಲೆ ಬರೆಸಿ

ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿದ್ದಾಗ ಸೂ ಸೆಂಟನ್ಸ್ ಮತ್ತು ಸಂಗಡಿಗರು ಪ್ರಿಮ್ ಎಂಬ ಬೋಧನಾ ಕ್ರಮವನ್ನು ರೂಪಿಸಿದರು. ಅದರ ಐದು ಹೆಜ್ಜೆಗಳು ಹೀಗಿವೆ: ಸಿದ್ಧ ಪ್ರೋಗ್ರಾಂ ಓದಿ ಏನಾಗುತ್ತದೆಂದು ಊಹಿಸು, ಓಡಿಸಿ ನೋಡು, ಒಳಹೊಕ್ಕು ಪರೀಕ್ಷಿಸು, ಸ್ವಲ್ಪ ಬದಲಿಸು, ಕೊನೆಗೆ ನಿನ್ನದೇ ಮಾಡು. ಖಾಲಿ ಪರದೆಯಿಂದ ಶುರು ಮಾಡುವ ನಮ್ಮ ರೂಢಿಗೆ ಇದು ತಲೆಕೆಳಗು. 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 11ರಿಂದ 14 ವಯಸ್ಸಿನ 493 ವಿದ್ಯಾರ್ಥಿಗಳು ಈ ಕ್ರಮದಲ್ಲಿ ಕಲಿತರು, ಹೋಲಿಕೆಗೆ 180 ವಿದ್ಯಾರ್ಥಿಗಳಿದ್ದರು. ಪ್ರಿಮ್‌ನಲ್ಲಿ ಕಲಿತವರು ನಂತರದ ಪರೀಕ್ಷೆಯಲ್ಲಿ ಹೆಚ್ಚು ಚೆನ್ನಾಗಿ ಮಾಡಿದರು. ಇಲ್ಲಿ ಬದಲಾದದ್ದು ಭಾಷೆಯಲ್ಲ, ಕಲಿಸುವ ಕ್ರಮ. ಕೇಳಿದ ವಾಕ್ಯವನ್ನು ಕೃತಕ ಬುದ್ಧಿಮತ್ತೆ ಕ್ಷಣದಲ್ಲಿ ಕೋಡ್ ಮಾಡಿಕೊಡುವ ಇಂದು, ಮುಂಚಿತವಾಗಿ ಊಹಿಸುವ ಈ ಶಕ್ತಿಯ ಬೆಲೆ ಇನ್ನೂ ಏರಿದೆ. ಬರೆಯುವುದು ಅಗ್ಗವಾಗಿದೆ, ಬರೆದದ್ದು ಏನು ಮಾಡುತ್ತದೆಂದು ಹೇಳಬಲ್ಲವರು ಬೇಕಾಗಿದ್ದಾರೆ.

ಎಲ್ಲವನ್ನೂ ಒಟ್ಟಿಗೆ ಇಟ್ಟರೆ ನನಗೆ ಕಾಣುವ ತೀರ್ಮಾನ ಇದು. ಆರಂಭಕ್ಕೆ ಸ್ಕ್ರ್ಯಾಚ್, ಆಮೇಲೆ ಗಡಿ ಹಾಕಿದ ಪೈಥಾನ್ ಎಂಬ ಈಗಿನ ಹಾದಿ ಒಟ್ಟಾರೆ ಸರಿಯೇ. ಅದು ಸರಳವೆಂಬ ಕಾರಣಕ್ಕೆ ಸಾಕಾಗುವುದಿಲ್ಲ, ಮುಚ್ಚಿರುವ ಜಾಗಗಳನ್ನು ತೆರೆದು ತೋರಿಸಿದರೆ ಮಾತ್ರ ಸಾಕಾಗುತ್ತದೆ. ಸಿ ಕೂಡ ಬರಲಿ, ಮಗು ಹೆಜ್ಜೆ ಹೆಜ್ಜೆಯಾಗಿ ಊಹಿಸಲು ಕಲಿತ ಮೇಲೆ. ಕರ್ನಾಟಕದ ಶಾಲಾ ಕಾಲೇಜುಗಳಿಗೂ ಇದೇ ಅನ್ವಯ. ಪಠ್ಯದಲ್ಲಿ ಒಂದು ಭಾಷೆ ತೆಗೆದು ಇನ್ನೊಂದು ಹಾಕಿದ ಮಾತ್ರಕ್ಕೆ ಬಾಯಿಪಾಠ ನಿಲ್ಲುವುದಿಲ್ಲ. ಲ್ಯಾಬ್ ರೆಕಾರ್ಡಿನ ಪ್ರತಿ ಪ್ರೋಗ್ರಾಮಿಗೆ ವಿದ್ಯಾರ್ಥಿಯ ಕೈಬರಹದ ಒಂದು ಪಟ್ಟಿ ಇರಲಿ, ಓಡಿಸುವ ಮೊದಲು ಪ್ರತಿ ಸಾಲಿನ ನಂತರ ಯಾವ ವೇರಿಯಬಲ್‌ನಲ್ಲಿ ಏನಿರುತ್ತದೆಂದು ಬರೆದದ್ದು. ವೈವಾದಲ್ಲಿ ವ್ಯಾಖ್ಯೆ ಕೇಳುವ ಬದಲು ಐದು ಸಾಲಿನ ಹೊಸ ಕೋಡ್ ಕೊಟ್ಟು ಉತ್ತರ ಕೇಳಲಿ. ಇದಕ್ಕೆ ಹೊಸ ಯಂತ್ರ ಬೇಡ, ಹಣ ಬೇಡ.

ಇಲ್ಫರ್ಡ್‌ನ ಕನ್ನಡ ತಾಯಿತಂದೆಯರಿಗೆ ಇನ್ನೊಂದು ಮಾತು. ಪೈಥಾನ್ 3ರಲ್ಲಿ ವೇರಿಯಬಲ್‌ಗಳ ಹೆಸರನ್ನು ಕನ್ನಡ ಲಿಪಿಯಲ್ಲೇ ಇಡಬಹುದು. ಅಂಕ, ವಯಸ್ಸು ಎಂದೇ ಬರೆಯಬಹುದು. ಅದಕ್ಕಿಂತ ದೊಡ್ಡ ಕೆಲಸ ಬಾಯಿಮಾತಿನಲ್ಲಿದೆ. ಶಾಲೆಯಲ್ಲಿ ಇಂಗ್ಲಿಷಿನಲ್ಲಿ ಕಲಿತ ಲೂಪನ್ನು ಮಗು ಮನೆಯಲ್ಲಿ ಕನ್ನಡದಲ್ಲಿ ವಿವರಿಸಲಿ. ಪಾಠದ ಪದಗಳನ್ನು ಹಾಗೆಯೇ ಒಪ್ಪಿಸುವ ದಾರಿ ಅಲ್ಲಿ ಮುಚ್ಚಿರುತ್ತದೆ, ಆದ್ದರಿಂದ ತಿಳಿದಿದ್ದರೆ ಮಾತ್ರ ಹೇಳಲು ಸಾಧ್ಯ. ತಂದೆಗೆ ಸಿ ಮಾತ್ರ ಗೊತ್ತಿರಲಿ, ತಾಯಿಗೆ ಕೋಡ್ ಏನೂ ಗೊತ್ತಿಲ್ಲದಿರಲಿ, "ಈ ಸಾಲು ಆದಮೇಲೆ ಅಂಕ ಎಷ್ಟಾಗುತ್ತೆ, ಹೇಳು ಪುಟ್ಟ" ಎಂದು ಕೇಳಲು ಯಾವ ಪದವಿಯೂ ಬೇಡ. ಆ ಪ್ರಶ್ನೆಗೆ ಮಗು ಉತ್ತರಿಸಬಲ್ಲುದಾದರೆ ಅದು ಕಲಿಯುತ್ತಿರುವ ಭಾಷೆ ಅದಕ್ಕೆ ತಕ್ಕದ್ದೇ. ಉತ್ತರಿಸಲಾರದಿದ್ದರೆ, ಬದಲಾಯಿಸಬೇಕಾದದ್ದು ಭಾಷೆಯಲ್ಲ. ಮೊದಲು ನಾವು ತೋರಿಸುವ ಬಗೆಯನ್ನು ಬದಲಾಯಿಸಿ ನೋಡಬೇಕು.